ಹೇಳಿದ್ದೊಂದು, ಆದದ್ದೊಂದು: ವ್ಯವಹಾರದ ಸಾಫ್ಟ್‌ವೇರ್ ಕುರಿತು ಓದುಗರ ಪ್ರಶ್ನೆಗಳು

ಬಿಲ್ಲು, ದಾಸ್ತಾನು, ಸಾಲದ ಖಾತೆ, ನಗದು ಪುಸ್ತಕಗಳನ್ನು ಕಂಪ್ಯೂಟರಿಗೆ ತರುತ್ತಿರುವವರು ಮತ್ತು ಅವರಿಗೆ ಪ್ರೋಗ್ರಾಂ ಬರೆದುಕೊಡುವವರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇವೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮದು ಅಡಿಕೆ ಮಂಡಿ. ಮಂಡಿ ವ್ಯವಹಾರಕ್ಕೆಂದೇ ಸಾಫ್ಟ್‌ವೇರ್ ಬರೆಸುತ್ತಿದ್ದೇವೆ, ಎಂಟು ತಿಂಗಳಾಯಿತು. ಏನೇನು ಬೇಕು ಎಂದು ಮೊದಲ ದಿನವೇ ಕೂತು ಹೇಳಿದ್ದೇವೆ, ಅವರೂ ಬರೆದುಕೊಂಡಿದ್ದಾರೆ. ಆದರೂ ತೋರಿಸಲು ಬಂದಾಗಲೆಲ್ಲ ಏನೋ ಒಂದು ಕೂಡಿಬರುವುದಿಲ್ಲ. ‘ಇದನ್ನು ನೀವು ಹೇಳಿರಲಿಲ್ಲ’ ಎನ್ನುತ್ತಾರೆ ಅವರು. ‘ಇದನ್ನೂ ಹೇಳಬೇಕಾ?’ ಎನ್ನುತ್ತಾರೆ ಲೆಕ್ಕ ಬರೆಯುವ ನಮ್ಮ ರೈಟರು. ತಪ್ಪು ಯಾರದು?
— ಮಂಡಿ ಮಾಲೀಕರು, ಶಿವಮೊಗ್ಗ

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ವರ್ಷಗಟ್ಟಲೆ ಮಾಡಿ ಕೈಗೆ ಹತ್ತಿದ ಕೆಲಸ ಬಾಯಿಗೆ ಬರುವುದಿಲ್ಲ. ಅದು ಹೇಳಬೇಕಾದ ಸಂಗತಿ ಎಂದೇ ರೈಟರಿಗೆ ಹೊಳೆಯುವುದಿಲ್ಲ.

ರೈತರೊಬ್ಬರು 14 ಚೀಲ ತಂದು ಇಳಿಸಿದರು ಎನ್ನಿ. ಪ್ರೋಗ್ರಾಂ ಬರೆಯುವವರ ತಲೆಯಲ್ಲಿರುವ ಚಿತ್ರ ಸರಳ: ಆವಕ, ಅಂದರೆ ಮಾಲು, ಬಂತು, ತೂಕವಾಯಿತು, ದರ ಬಿತ್ತು, ರೈತರ ಕೈಗೆ ಲೆಕ್ಕದ ಪಟ್ಟಿ ಹೊರಟಿತು. ಎಲ್ಲವೂ ಒಂದೊಂದೇ. ನಿಮ್ಮ ಅಂಗಳದಲ್ಲಿ ಆಗುವುದು ಬೇರೆ. 14ರಲ್ಲಿ 9 ಚೀಲ ರಾಶಿ, 5 ಗೊರಬಲು; ಇವು ಅಡಿಕೆಯ ಬೇರೆ ಬೇರೆ ದರ್ಜೆಗಳು. ರಾಶಿಯಲ್ಲಿ 6 ಚೀಲ ಇವತ್ತೇ ಹೋಯಿತು, 3 ಚೀಲ ದರ ಒಪ್ಪಿಗೆಯಾಗದೆ ನಿಂತಿತು. ರೈತರಿಗೆ ಗೊಬ್ಬರಕ್ಕೆ ದುಡ್ಡು ಬೇಕು. ನಿಂತ ಚೀಲದ ಮೇಲೆ 40,000 ರೂಪಾಯಿ ಮುಂಗಡ ಕೊಟ್ಟಿರಿ. ಮೂರು ವಾರ ಬಿಟ್ಟು ಆ ಚೀಲಗಳು ಮಾರಾಟವಾದಾಗ ಅಡಿಕೆ ಇನ್ನಷ್ಟು ಒಣಗಿ ಒಂದೆರಡು ಕೆಜಿ ಇಳಿದಿದೆ. ಪಟ್ಟಿಗೆ ಹಿಡಿಯುವುದು ಇಳಿಸಿದ ದಿನದ ತೂಕವನ್ನೋ, ಮಾರಿದ ದಿನದ್ದನ್ನೋ? ಮುಂಗಡ ಈ ಪಟ್ಟಿಯಲ್ಲಿ ಮುರಿಯಬೇಕೋ, ರೈತರ ಒಟ್ಟು ಖಾತೆಯಲ್ಲೋ? ರೈಟರು ಇದನ್ನೆಲ್ಲ ಪೆನ್ನು ಎತ್ತದೆ ಬರೆದುಬಿಡುತ್ತಾರೆ. ದರವನ್ನು ಆವಕದ ದಾಖಲೆಗೇ ಅಂಟಿಸಿಟ್ಟ ಪ್ರೋಗ್ರಾಮಿಗೆ ಇದು ಸಾಧ್ಯವೇ ಇಲ್ಲ. ಆವಕ, ಲಾಟು (ಒಟ್ಟಿಗೆ ಮಾರುವ ಚೀಲಗಳ ಗುಂಪು), ಮಾರಾಟ, ಮುಂಗಡ ಎಂದು ನಾಲ್ಕು ಬೇರೆ ಬೇರೆ ಕೋಷ್ಟಕ ಬೇಕು. ಎರಡನೇ ವಾರದಲ್ಲಿ ಗೊತ್ತಾಗಿದ್ದರೆ ಒಂದು ಮಧ್ಯಾಹ್ನದ ಕೆಲಸ. ಎಂಟನೇ ತಿಂಗಳಲ್ಲಿ ಗೊತ್ತಾದರೆ ಆ ಕೋಷ್ಟಕದ ಮೇಲೆ ಕಟ್ಟಿದ ವರದಿ, ಬಾಕಿ ಪಟ್ಟಿ, ಬಡ್ಡಿ ಲೆಕ್ಕ ಎಲ್ಲವನ್ನೂ ಒಡೆದು ಕಟ್ಟಬೇಕು. ನಿಮ್ಮಲ್ಲಿ ಬಹುಶಃ ಆಗುತ್ತಿರುವುದು ಇದೇ.

ಇನ್ನೊಂದು, ಪೈಸೆಯ ವಿಚಾರ. ಹಮಾಲಿ 1,250.40, ಇನ್ನೊಂದು ಬಾಬತ್ತು 830.40, ಮತ್ತೊಂದು 640.40 ಇದೆ ಎನ್ನಿ. ಸಾಲು ಸಾಲಿಗೂ ಪೈಸೆ ಬಿಟ್ಟರೆ ಒಟ್ಟು 2,720. ಕೂಡಿದ ಮೇಲೆ ಬಿಟ್ಟರೆ 2,721. ಪಟ್ಟಿಯಲ್ಲಿ ಒಂದು ಕ್ರಮ, ನಗದು ಪುಸ್ತಕದಲ್ಲಿ ಇನ್ನೊಂದು ಕ್ರಮ ಇಟ್ಟರೆ ದಿನಕ್ಕೆ 80 ಪಟ್ಟಿ ಆಗುವ ಮಂಡಿಯಲ್ಲಿ ಸಂಜೆ ನಗದು ತಾಳೆಯಾಗುವುದೇ ಇಲ್ಲ. ಯಾವ ಸಾಲಿನಲ್ಲಿ ಪೈಸೆ ಬಿಡಬೇಕೆಂದು ಮೊದಲೇ ಬರೆದಿಡಿ.

ಈಗ ಮಾಡಬೇಕಾದ್ದು: ಬರೆಯುವ ಡೆವಲಪರನ್ನೇ, ಮಾರಾಟಕ್ಕೆ ಬರುವವರನ್ನಲ್ಲ, ಎರಡು ಪೂರ್ತಿ ದಿನ ರೈಟರ ಮೇಜಿನ ಪಕ್ಕ ಕೂರಿಸಿ. ಅದರಲ್ಲಿ ಒಂದು ದಿನ ಆವಕ ಜಾಸ್ತಿ ಇರುವ ದಿನವಾಗಿರಲಿ. ಅವರು ಪ್ರಶ್ನೆ ಕೇಳುವುದಕ್ಕಿಂತ ನೋಡುವುದೇ ಹೆಚ್ಚಿರಲಿ. ಹಳೆಯ ಪಟ್ಟಿಗಳಲ್ಲಿ 30 ಆರಿಸಿ, ರೈತರ ಹೆಸರು, ಫೋನ್ ನಂಬರ್ ಮುಚ್ಚಿ ಜೆರಾಕ್ಸ್ ಕೊಡಿ. 20 ಸಾಮಾನ್ಯದವು; 10 ತೊಡಕಿನವು, ಅಂದರೆ ಕಾಟು ಹೊಡೆದವು, ರದ್ದಾದವು, ಕೆಂಪು ಶಾಯಿಯಲ್ಲಿ ತಿದ್ದಿದವು. ಈ 30ಕ್ಕೂ ಪ್ರೋಗ್ರಾಂ ಕೊಡುವ ಮೊತ್ತ ಪೈಸೆಗೂ ಕೂಡಬೇಕು. ಕೂಡುವ ತನಕ ಹೊಸ ಪರದೆ, ಹೊಸ ವರದಿ ಎಂಬ ಮಾತೇ ಬೇಡ. ಆಮೇಲೆ ಎರಡು ವಾರಕ್ಕೊಮ್ಮೆ ತೋರಿಸಲಿ. ತೋರಿಸುವಾಗ ಮೌಸ್ ರೈಟರ ಕೈಯಲ್ಲಿರಲಿ. ಡೆವಲಪರ್ ಕೈಯಲ್ಲಿ ಯಾವ ಸಾಫ್ಟ್‌ವೇರೂ ಕೆಡುವುದಿಲ್ಲ. ಎಲ್ಲಿ ಒತ್ತಬಾರದೆಂದು ಅವರಿಗೆ ಗೊತ್ತು.

ಪ್ರಶ್ನೆ: ‘ನಿಮ್ಮ ಕಡೆಯಿಂದ ಒಬ್ಬರನ್ನು ಗೊತ್ತು ಮಾಡಿ’ ಎಂದು ಸಾಫ್ಟ್‌ವೇರಿನವರು ಕೇಳಿದ್ದಾರೆ. ನನಗೆ ಪುರುಸೊತ್ತಿಲ್ಲ. ಮಗ ಬಿ.ಇ. ಮಾಡಿದ್ದಾನೆ, ಅವನನ್ನೇ ಬಿಡೋಣ ಅಂತಿದ್ದೇನೆ. ಆಗಬಹುದೇ?
— ಬಟ್ಟೆ ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ಮಗನನ್ನು ಬಿಡಿ, ಆದರೆ ಅವನೊಬ್ಬನನ್ನೇ ಬಿಡಬೇಡಿ. ಬೇಕಾಗಿರುವುದು ಇಬ್ಬರು: ಕೆಲಸ ಬಲ್ಲವರೊಬ್ಬರು, ತೀರ್ಮಾನ ಹೇಳುವವರೊಬ್ಬರು. ಓದಿದ ಹುಡುಗ ಡೆವಲಪರ್ ಜತೆ ಯಾವ ಡೇಟಾಬೇಸ್, ಯಾವ ಕ್ಲೌಡ್ ಎಂದು ಸೊಗಸಾಗಿ ಮಾತಾಡುತ್ತಾನೆ. ಬಟ್ಟೆಯ ತಾನಿನಲ್ಲಿ ಉಳಿದ 80 ಸೆಂಟಿಮೀಟರ್ ತುಂಡನ್ನು ಕಟ್‌ಪೀಸ್ ದರಕ್ಕೆ ಮಾರಿದಾಗ ದಾಸ್ತಾನಿನಿಂದ ಹೇಗೆ ಇಳಿಸಬೇಕು ಎಂಬುದು ಕೌಂಟರಿನಲ್ಲಿ ನಿಂತವರಿಗೇ ಗೊತ್ತು.

ತೆರಿಗೆಯಲ್ಲೂ ಹಾಗೆಯೇ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿನ ಜಿಎಸ್‌ಟಿ ಪ್ರತಿ ನಗಕ್ಕೆ (ಒಂದೊಂದು ಉಡುಪಿಗೆ) 2,500 ರೂಪಾಯಿವರೆಗೆ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ಇಲ್ಲಿ ನೋಡಬೇಕಾದ್ದು ಆ ನಗ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು. ತೆರಿಗೆ ಬಿಟ್ಟು 2,800 ರೂಪಾಯಿಯ ಉಡುಪಿಗೆ ಬಿಲ್ಲಿನಲ್ಲೇ ಶೇ 15 ರಿಯಾಯಿತಿ ಕೊಟ್ಟರೆ 2,380 ಆಗುತ್ತದೆ. ಶೇ 5ರಂತೆ ತೆರಿಗೆ 119 ರೂಪಾಯಿ. ತೆರಿಗೆ ದರವನ್ನು ಐಟಂ ಮಾಸ್ಟರಿನಲ್ಲೇ (ಸರಕುಗಳ ಮೂಲ ಪಟ್ಟಿಯಲ್ಲೇ) ಶೇ 18 ಎಂದು ಕಟ್ಟಿಹಾಕಿದ್ದರೆ ಅದೇ ಬಿಲ್ಲಿಗೆ 428.40 ಬೀಳುತ್ತದೆ. ಹಬ್ಬದ ರಿಯಾಯಿತಿ ದಿನ ಕೌಂಟರಿನಲ್ಲಿ ಜಗಳ ಶುರುವಾಗುವುದು ಹೀಗೆ. ದರವನ್ನೂ ಮಿತಿಯನ್ನೂ ‘ಯಾವ ತಾರೀಖಿನಿಂದ’ ಎಂಬ ಕಾಲಂ ಸಮೇತ ಬೇರೆ ಕೋಷ್ಟಕದಲ್ಲಿಡಲು ಹೇಳಿ. ಹಳೆಯ ಬಿಲ್ಲಿನ ಮಾಲು ವಾಪಸ್ ಬಂದಾಗ ಹಳೆಯ ದರವೇ ಹಿಡಿಯಬೇಕಲ್ಲ.

ಕೌಂಟರಿನ ಹಿರಿಯರೊಬ್ಬರಿಗೆ ವಾರಕ್ಕೆ ಆರು ಗಂಟೆ ಇದಕ್ಕೆಂದೇ ಬಿಡುವು ಮಾಡಿಕೊಟ್ಟು, ಅಷ್ಟು ಹೊತ್ತಿನ ಬೇರೆ ಕೆಲಸ ಇನ್ನೊಬ್ಬರಿಗೆ ವಹಿಸಿ. ಅಂಗಡಿ ಮುಚ್ಚಿದ ಮೇಲೆ ಕೂರಿಸಿದರೆ ತೋರಿಸಿದ್ದಕ್ಕೆಲ್ಲ ‘ಹೂಂ’ ಎಂದು ಮನೆಗೆ ಹೋಗುತ್ತಾರೆ. ಮಗನ ಕೆಲಸ ಒಂದೇ: ಡೆವಲಪರ್ ಕೇಳಿದ ಪ್ರಶ್ನೆಗೆ ಎರಡು ದಿನದೊಳಗೆ ತೀರ್ಮಾನ ಬರೆದು ಕಳಿಸುವುದು. ಉತ್ತರ ತಡವಾದರೆ ಡೆವಲಪರ್ ಸುಮ್ಮನೆ ಕೂರುವುದಿಲ್ಲ, ಊಹೆ ಮಾಡಿ ಮುಂದೆ ಹೋಗುತ್ತಾರೆ. ಆ ಊಹೆಯನ್ನು ಕೀಳುವುದಕ್ಕೆ ಆಮೇಲೆ ನೀವೇ ದುಡ್ಡು ಕೊಡುತ್ತೀರಿ.

ಪ್ರಶ್ನೆ: ನಾನು ಬರೆಯುವ ಕಡೆಯವನು. 110 ಪುಟದ ಅವಶ್ಯಕತೆ ದಾಖಲೆಗೆ ಗ್ರಾಹಕರು ಸಹಿ ಹಾಕಿದ್ದರು. ಕೊನೆಯ ಪರೀಕ್ಷೆ ದಿನ ‘ನಾವು ಕೇಳಿದ್ದು ಇದಲ್ಲ’ ಎಂದರು. ಸಹಿಗೆ ಬೆಲೆಯೇ ಇಲ್ಲವೇ?
— ಸಾಫ್ಟ್‌ವೇರ್ ಡೆವಲಪರ್, ಬೆಂಗಳೂರು

ಉತ್ತರ: ಕೋರ್ಟಿನಲ್ಲಿ ಇರಬಹುದು. 110 ಪುಟವನ್ನು ಯಾರೂ ಓದಿರುವುದಿಲ್ಲ. ‘ಸಹಿ ಹಾಕದಿದ್ದರೆ ಕೆಲಸ ಶುರುವಾಗಲ್ಲ’ ಎಂದಿದ್ದಕ್ಕೆ ಹಾಕಿರುತ್ತಾರೆ. ‘ಬಳಕೆದಾರರು ಸೂಕ್ತ ಅನುಮತಿಯೊಂದಿಗೆ ವಹಿವಾಟನ್ನು ರದ್ದುಗೊಳಿಸಬಹುದು’ ಎಂದು ಬರೆದರೆ ಅಂಗಡಿಯವರು ನಿನ್ನೆಯ ಬಿಲ್ ರದ್ದು ಮಾಡಬಹುದು ಎಂದು ಓದುತ್ತಾರೆ, ನೀವು ಇವತ್ತಿನದು ಮಾತ್ರ ಎಂದು ಬರೆದಿರುತ್ತೀರಿ. ವಾಕ್ಯ ಎರಡಕ್ಕೂ ಒಗ್ಗುತ್ತದೆ.

ವಾಕ್ಯದ ಬದಲು ಉದಾಹರಣೆಗೆ ಸಹಿ ಹಾಕಿಸಿಕೊಳ್ಳಿ. ‘ಮಂಗಳವಾರ ಬರೆದ 4,310 ರೂಪಾಯಿ ಬಿಲ್ಲನ್ನು ಗುರುವಾರ ರದ್ದು ಮಾಡಲು ಹೊರಟರೆ ಏನಾಗಬೇಕು?’ ಎಂದು ಕೇಳಿ, ಬಂದ ಉತ್ತರವನ್ನು ಅಂಕಿ ಸಮೇತ ಒಂದು ಸಾಲಿನಲ್ಲಿ ಬರೆಯಿರಿ. ಇಂಥ 60–70 ಸಾಲು 110 ಪುಟಕ್ಕಿಂತ ಹೆಚ್ಚು ಹೇಳುತ್ತವೆ. ಕೊನೆಗೆ ಪರೀಕ್ಷೆಗೂ ಅವೇ ಸಾಲುಗಳು ಸಾಕು. ಪರದೆಗಳನ್ನು ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲೇ ಬರೆದು ತೋರಿಸಿ. ಬಣ್ಣ ತುಂಬಿ ಚೆಂದ ಮಾಡಿ ತೋರಿಸಿದರೆ ಜನ ಬಟನ್ ಬಣ್ಣದ ಬಗ್ಗೆ ಮಾತಾಡುತ್ತಾರೆ. ಪೆನ್ಸಿಲ್ ಗೀಟಾದರೆ ‘ಇದು ಇಲ್ಲಿ ಬೇಡ, ಅಲ್ಲಿಗೆ ಹಾಕಿ’ ಎಂದು ಅವರೇ ಪೆನ್ಸಿಲ್ ಇಸಿದುಕೊಳ್ಳುತ್ತಾರೆ.

ಅವರ ಹಳೆಯ ರಿಜಿಸ್ಟರಿನ ಅಂಚನ್ನೂ ಓದಿ. ಕಾಲಂನಲ್ಲಿ ಹಿಡಿಸದ್ದನ್ನೆಲ್ಲ ಜನ ಅಂಚಿನಲ್ಲಿ ಬರೆದಿರುತ್ತಾರೆ: ‘ಚೆಕ್ ವಾಪಸ್’, ‘ತಮ್ಮನ ಕೈಯಲ್ಲಿ ಕೊಟ್ಟಿದೆ’, ‘ಸೋಮವಾರ ಕೇಳುವುದು’. ನಿಮ್ಮ ವಿನ್ಯಾಸದಲ್ಲಿ ಬಿಟ್ಟುಹೋದದ್ದರ ಪಟ್ಟಿ ಬಹುಪಾಲು ಅಲ್ಲೇ ಸಿಗುತ್ತದೆ.

ಪ್ರಶ್ನೆ: ರೆಡಿ ಪ್ಯಾಕೇಜ್ ಕೊಳ್ಳುವುದೋ, ನಮ್ಮ ಪದ್ಧತಿಗೆ ತಕ್ಕಂತೆ ಬರೆಸುವುದೋ? ಪ್ಯಾಕೇಜಿನವರು ‘ನೀವೇ ಸ್ವಲ್ಪ ಬದಲಾಗಿ’ ಎನ್ನುತ್ತಾರೆ.
— ಔಷಧ ಸಗಟು ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಪ್ಯಾಕೇಜಿನೊಂದಿಗೆ ಕೂಡದ ಪದ್ಧತಿಗಳನ್ನೆಲ್ಲ ಪಟ್ಟಿ ಮಾಡಿ ಮೂರು ಗುಂಪು ಮಾಡಿ. ಕಾನೂನು ಬೇಡುವಂಥವು ಒಂದು: ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ. ಲಾಭ–ನಷ್ಟಕ್ಕೆ ಸಂಬಂಧಿಸಿದವು ಇನ್ನೊಂದು. ‘10ಕ್ಕೆ 1 ಉಚಿತ’ ಸ್ಕೀಮಿನಲ್ಲಿ ದಾಸ್ತಾನು 11 ಇಳಿಯಬೇಕು, ಬೆಲೆ 10ಕ್ಕೆ ಬೀಳಬೇಕು. ಪ್ಯಾಕೇಜ್ ಇದನ್ನು ಬರೀ ರಿಯಾಯಿತಿ ಎಂದು ಹಿಡಿದರೆ ಕಂಪನಿಯಿಂದ ಬರಬೇಕಾದ ಕ್ಲೇಮು ಕೂಡುವುದಿಲ್ಲ. ಮೂರನೆಯದು ಬರೀ ರೂಢಿ: ಬಿಲ್ ನಂಬರ್ ಬಲ ಮೂಲೆಯಲ್ಲಿರಬೇಕು, ಹಳದಿ ಪ್ರತಿ ಗೋದಾಮಿಗೆ ಹೋಗಬೇಕು ಎಂಬಂಥವು. ಮೊದಲೆರಡು ಗುಂಪನ್ನು ಪ್ಯಾಕೇಜ್ ಹಾಗೆಯೇ ಒಪ್ಪದಿದ್ದರೆ ಬೇರೆ ಪ್ಯಾಕೇಜ್ ನೋಡಿ. ಮೂರನೆಯದರಲ್ಲಿ ನೀವೇ ಬದಲಾಗಿ, ಜಗಳಕ್ಕೆ ಹೋಗಬೇಡಿ.

ದೊಡ್ಡವರೂ ಇಲ್ಲೇ ಎಡವುತ್ತಾರೆ. ಜರ್ಮನಿಯ ಲಿಡ್ಲ್ ಸೂಪರ್‌ಮಾರ್ಕೆಟ್ ಸರಣಿ 2011ರಲ್ಲಿ ಸ್ಯಾಪ್ ಎಂಬ ಕಂಪನಿಯ ಪ್ಯಾಕೇಜ್ ಆಧರಿಸಿದ ದಾಸ್ತಾನು ವ್ಯವಸ್ಥೆಗೆ ಕೈಹಾಕಿ 2018ರಲ್ಲಿ ಕೈಬಿಟ್ಟಿತು. ಸುಮಾರು 50 ಕೋಟಿ ಯೂರೊ ಹೋಯಿತು ಎಂದು ಪತ್ರಿಕೆಗಳು ಬರೆದವು. ವರದಿಯಾದ ಕಾರಣಗಳಲ್ಲಿ ಒಂದು ಪುಟ್ಟದಾಗಿ ಕಾಣುತ್ತದೆ: ಲಿಡ್ಲ್ ದಾಸ್ತಾನನ್ನು ಖರೀದಿ ದರದಲ್ಲಿ ಲೆಕ್ಕ ಹಾಕುತ್ತಿತ್ತು, ಪ್ಯಾಕೇಜಿನ ಮೂಲ ರೂಪ ಮಾರಾಟ ದರದಲ್ಲಿ. ರೂಢಿ ಬಿಡಲೊಲ್ಲದೆ ಪ್ಯಾಕೇಜನ್ನೇ ತಿದ್ದಲು ಹೊರಟರು. ಒಂದು ತಿದ್ದುಪಡಿ ಇನ್ನೊಂದನ್ನು ಎಳೆಯಿತು. ಹುಬ್ಬಳ್ಳಿಯ ಗೋದಾಮಿಗೂ ಇದೇ ಅಳತೆ ಹಾಕಬಹುದು: ‘ಸ್ವಲ್ಪ ತಿದ್ದಿಕೊಡುತ್ತೇವೆ’ ಎಂಬ ಅಂಶಗಳು ಹತ್ತು ದಾಟಿದರೆ ಆ ಪ್ಯಾಕೇಜ್ ನಿಮ್ಮದಲ್ಲ. ತಿದ್ದಿದ ಪ್ಯಾಕೇಜಿಗೆ ಮುಂದಿನ ಹೊಸ ಆವೃತ್ತಿ ಬಂದಾಗ ತಿದ್ದುಪಡಿಯನ್ನೆಲ್ಲ ಮತ್ತೆ ಮಾಡಿಸಬೇಕಾಗುತ್ತದೆ ಎಂಬುದನ್ನು ಮಾರುವವರು ತಾವಾಗಿ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೂ ಕಂಪ್ಯೂಟರ್ ವ್ಯವಸ್ಥೆಗೆ ಬರುತ್ತಿದೆ. ಪುಸ್ತಕದ ಶಿಲ್ಕು (ಉಳಿಕೆ ಮೊತ್ತ), ಕಂಪ್ಯೂಟರಿನ ಶಿಲ್ಕು ಕೂಡುತ್ತಿಲ್ಲ. ಎಷ್ಟು ದಿನ ಎರಡೂ ಬರೆಯಬೇಕು?
— ಸಂಘದ ಸಿಬ್ಬಂದಿ, ಹಾವೇರಿ ಜಿಲ್ಲೆ

ಉತ್ತರ: 2022ರ ಜೂನ್ 29ರಂದು ಕೇಂದ್ರ ಸಂಪುಟ ದೇಶದ 63,000 ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅಷ್ಟು ಸಂಘಗಳಿಗೆ ಒಂದೇ ತಂತ್ರಾಂಶ. ಅಂದರೆ ಬರೆದವರನ್ನು ನೀವು ಮುಖತಃ ಕಾಣುವುದೇ ಇಲ್ಲ. ನಡುವೆ ತರಬೇತಿಗೆ ಬಂದವರು, ಜಿಲ್ಲೆಯವರು, ಸಹಾಯವಾಣಿಯವರು ಇರುತ್ತಾರೆ. ಹಾಗಾಗಿ ನಿಮ್ಮ ಕಡೆಯ ಲೆಕ್ಕ ಎರಡು ಪಟ್ಟು ಗಟ್ಟಿಯಾಗಿರಬೇಕು.

ಲೆಕ್ಕಪರಿಶೋಧನೆಯಾದ ಮಾರ್ಚ್ 31ರ ಶಿಲ್ಕನ್ನೇ ಆರಂಭವಾಗಿ ಹಿಡಿಯಿರಿ. ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಕೂಡಿಕೆ ಮಾಡಿ: ಸದಸ್ಯರ ಸಾಲದ ಖಾತೆಗಳ ಒಟ್ಟು ಮೊತ್ತ ಸಾಮಾನ್ಯ ಖಾತೆಯ (ಸಂಘದ ಒಟ್ಟು ಲೆಕ್ಕದ ಪುಸ್ತಕದ) ಸಾಲದ ಶಿಲ್ಕಿಗೆ ಸಮವಾಗುತ್ತದೆಯೇ? ಷೇರು ಹಣ, ಠೇವಣಿಗಳಿಗೂ ಇದೇ ಕೂಡಿಕೆ. ಅಲ್ಲೇ ವ್ಯತ್ಯಾಸ ಕಂಡರೆ ಅದು ಪುಸ್ತಕದಲ್ಲಿ ಎಂದಿನಿಂದಲೋ ಇರುವ ವ್ಯತ್ಯಾಸ. ಕಂಪ್ಯೂಟರ್ ಅದನ್ನು ಹೊರಗೆ ಹಾಕಿದೆ ಅಷ್ಟೆ. ಲೆಕ್ಕಪರಿಶೋಧಕರ ಲಿಖಿತ ಒಪ್ಪಿಗೆ ಪಡೆದು, ಕಾರಣ ತಿಳಿಯುವ ತನಕ ಮೊತ್ತ ಇಡುವ ಸಸ್ಪೆನ್ಸ್ ಖಾತೆಗೆ ಹಾಕಿ. ತೀರಿಹೋದ ಸದಸ್ಯರ ಖಾತೆಗೆ ಮೆತ್ತಗೆ ತಳ್ಳುವ ಜಾಣತನ ಮಾತ್ರ ಬೇಡ, ವಾರಸುದಾರರು ಒಂದು ದಿನ ಬಂದೇ ಬರುತ್ತಾರೆ.

ಅತಿ ಹೆಚ್ಚು ಕಣ್ಣಿಡಬೇಕಾದ್ದು ಸಾಲದ ದಿನಾಂಕದ ಮೇಲೆ. ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿ ರಾಜ್ಯದಲ್ಲಿ 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಗಡುವಿನೊಳಗೆ ತೀರಿಸಿದರೆ ಮಾತ್ರ ಆ ಸವಲತ್ತು. ಹಳೆಯ ಸಾಲಗಳನ್ನು ಒಟ್ಟಿಗೆ ಏರಿಸುವಾಗ ‘ಸಾಲ ಕೊಟ್ಟ ದಿನ’ ಕಾಲಂನಲ್ಲಿ ‘ದಾಖಲಿಸಿದ ದಿನ’ ಬಿದ್ದರೆ, ಇಲ್ಲವೇ ದಿನ–ತಿಂಗಳು ಅದಲು ಬದಲಾಗಿ 05-08 ಎಂಬುದು ಮೇ 8 ಆದರೆ ಗಡುವೇ ಸರಿದುಹೋಗುತ್ತದೆ. ಸಕಾಲಕ್ಕೆ ಕಟ್ಟಿದ ರೈತರ ಮೇಲೆ ಬಡ್ಡಿ ಬೀಳುತ್ತದೆ. ತಾರೀಖು 12ರ ಒಳಗಿರುವ ಸಾಲಗಳನ್ನೆಲ್ಲ ಬೇರೆ ತೆಗೆದು ಪುಸ್ತಕಕ್ಕೆ ಹೋಲಿಸಿ. ಅದಲು ಬದಲು ಗೊತ್ತಾಗದೆ ನುಸುಳುವುದು ಅವುಗಳಲ್ಲೇ. 13ರಿಂದ ಮೇಲಿನವನ್ನು ಕಂಪ್ಯೂಟರೇ ತಿರಸ್ಕರಿಸುತ್ತದೆ. ಆಮೇಲೆ ಎಲ್ಲ ಊರುಗಳಿಂದ ಕೂಡಿ 50 ಖಾತೆ ಆರಿಸಿ, ಆಯಾ ಸದಸ್ಯರನ್ನೇ ಕರೆಸಿ ಪಾಸ್‌ಬುಕ್ ಇಟ್ಟು ಓದಿಸಿ.

ಎರಡೂ ಬರೆಯುವುದು ಒಂದು ಪೂರ್ತಿ ತಿಂಗಳು, ತಿಂಗಳ ಮುಕ್ತಾಯವೂ ಸೇರಿ. ಆರು ತಿಂಗಳು ಎಂದವರ ಮಾತು ಕೇಳಬೇಡಿ. ಹದಿನೈದು ದಿನ ಕಳೆಯುವಷ್ಟರಲ್ಲಿ ಜನ ಒಂದರಲ್ಲಿ ಬರೆದು ರಾತ್ರಿ ಇನ್ನೊಂದಕ್ಕೆ ನಕಲು ಮಾಡಲು ಶುರು ಮಾಡುತ್ತಾರೆ. ನಕಲು ಕೂಡಿಯೇ ಕೂಡುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಮೊದಲ ಎರಡು ವಾರ ಪುಸ್ತಕ ಮುಂದೆ, ನಂತರದ ಎರಡು ವಾರ ಕಂಪ್ಯೂಟರ್ ಮುಂದೆ ಇರಲಿ. ದಿನಾ ಸಂಜೆ ಮೂರೇ ಅಂಕಿ ಹೋಲಿಸಿ: ನಗದು ಶಿಲ್ಕು, ಸಾಲ ವಸೂಲಿ, ಠೇವಣಿ ಜಮಾ. ಗೊಬ್ಬರದ ಚೀಲವನ್ನು ಪಿಒಎಸ್ (ಮಾರಾಟ ದಾಖಲಿಸುವ) ಯಂತ್ರದಲ್ಲಿ ಒಮ್ಮೆ, ಇಲ್ಲಿ ಇನ್ನೊಮ್ಮೆ ಇಳಿಸಬೇಕಾಗಿ ಬಂದರೆ ದಾಸ್ತಾನು ಕೂಡದಿರುವುದಕ್ಕೆ ಮೊದಲು ಅದನ್ನೇ ಅನುಮಾನಿಸಿ.

ಪ್ರಶ್ನೆ: ತರಬೇತಿ ಕೊಡಿಸಿದೆವು. ಆದರೂ ಸಿಬ್ಬಂದಿ ಡ್ರಾಯರಿನಲ್ಲಿ ನೋಟ್‌ಬುಕ್ ಇಟ್ಟುಕೊಂಡು ಅದರಲ್ಲೇ ಬರೆಯುತ್ತಾರೆ. ಹೇಗೆ ಬಿಡಿಸುವುದು?
— ಸಾರಿಗೆ ಏಜೆನ್ಸಿ ವ್ಯವಸ್ಥಾಪಕರು, ಮಂಗಳೂರು

ಉತ್ತರ: ಕಿತ್ತುಕೊಳ್ಳಬೇಡಿ, ಓದಿ. ಸಾಫ್ಟ್‌ವೇರಿನಲ್ಲಿ ಏನಿಲ್ಲವೋ ಅದೇ ಆ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಲಾರಿ ನಂಬರಿನ ಪಕ್ಕ ಚಾಲಕರ ಎರಡನೇ ಮೊಬೈಲ್ ನಂಬರು, ‘ಘಾಟಿ ಬಂದ್, ಚಾರ್ಮಾಡಿ ಕಡೆಯಿಂದ’ ಎಂಬ ಟಿಪ್ಪಣಿ, ಅರ್ಧ ಕೊಟ್ಟ ಬಾಡಿಗೆ. ಇವಕ್ಕೆ ಪರದೆಯಲ್ಲಿ ಜಾಗ ಮಾಡಿಕೊಟ್ಟರೆ ನೋಟ್‌ಬುಕ್ ತಾನಾಗಿಯೇ ಹೋಗುತ್ತದೆ. ಒಂದು ಎಂಟ್ರಿಗೆ ಎಷ್ಟು ಸಲ ಕೈ ಕೀಬೋರ್ಡಿನಿಂದ ಮೌಸಿಗೆ ಹೋಗುತ್ತದೆ ಎಂದೂ ಎಣಿಸಿ. ಲಾರಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿರುವಾಗ ಐದಾರು ಪರದೆ ದಾಟಿ ಎಂಟ್ರಿ ಮಾಡುವವರು ಯಾರೂ ಇಲ್ಲ.

ತರಬೇತಿ ಯಾವಾಗ ಕೊಟ್ಟಿರಿ ಎಂಬುದೂ ಮುಖ್ಯ. ಲಂಡನ್ ಆಂಬುಲೆನ್ಸ್ ಸೇವೆ 1992ರ ಅಕ್ಟೋಬರ್ 26ರಂದು ವಾಹನ ಕಳಿಸುವ ಕೆಲಸವನ್ನು ಪೂರ್ತಿ ಕಂಪ್ಯೂಟರಿಗೆ ಒಪ್ಪಿಸಿತು. ಸಿಬ್ಬಂದಿಯ ತರಬೇತಿ ಬಹಳ ಮೊದಲೇ ಮುಗಿದು, ಕಲಿತದ್ದು ಅರ್ಧ ಮರೆತಿತ್ತು. ನಿಯಂತ್ರಣ ಕೊಠಡಿಯ ಕುರ್ಚಿ–ಮೇಜಿನ ಜಾಗವೂ ಆ ಹೊತ್ತಿಗೇ ಬದಲಾಗಿತ್ತು. ವಾಹನ ಎಲ್ಲಿದೆ ಎಂಬ ಮಾಹಿತಿ ತಪ್ಪಾದಂತೆ ಒಂದೇ ಕರೆಗೆ ಎರಡು ವಾಹನ ಹೋದವು, ತಡವಾದದ್ದಕ್ಕೆ ಜನ ಮತ್ತೆ ಮತ್ತೆ ಕರೆ ಮಾಡಿದರು, ಆ ಕರೆಗಳಿಂದ ಇನ್ನೂ ತಡವಾಯಿತು. ತರಬೇತಿಗೂ ಚಾಲನೆಗೂ ಒಂದು ವಾರಕ್ಕಿಂತ ಹೆಚ್ಚು ಅಂತರ ಬೇಡ. ಅಭ್ಯಾಸ ನಿಮ್ಮದೇ ಲಾರಿ ನಂಬರ್, ನಿಮ್ಮದೇ ಗ್ರಾಹಕರ ಪಟ್ಟಿಯ ಮೇಲೆ ನಡೆಯಲಿ. ‘ಎಬಿಸಿ ಟ್ರೇಡರ್ಸ್’ ಎಂಬ ನಕಲಿ ಹೆಸರಿನ ಮೇಲೆ ಕಲಿತದ್ದು ನೆನಪಿನಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮ ಒಂದು ಶಾಖೆಯಲ್ಲಿ ನಗದು ಆಗಾಗ ಕಂಪ್ಯೂಟರ್ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ. ‘ಸಾಫ್ಟ್‌ವೇರ್ ತಪ್ಪು’ ಎನ್ನುತ್ತಾರೆ ಶಾಖೆಯವರು. ‘ಬೇರೆ ಯಾರೂ ದೂರು ಹೇಳಿಲ್ಲ’ ಎನ್ನುತ್ತಾರೆ ಸಾಫ್ಟ್‌ವೇರಿನವರು. ಯಾರನ್ನು ನಂಬಲಿ?
— ಬೇಕರಿ ಶಾಖೆಗಳ ಲೆಕ್ಕ ನೋಡುವವರು, ಮೈಸೂರು

ಉತ್ತರ: ‘ಬೇರೆ ಯಾರೂ ಹೇಳಿಲ್ಲ’ ಎಂಬ ಮಾತನ್ನು ಪುರಾವೆ ಎಂದು ತೆಗೆದುಕೊಳ್ಳಬೇಡಿ. ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 1999ರಲ್ಲಿ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆ ಬಂತು, ನಡೆಸಿದ್ದು ಫುಜಿಟ್ಸು ಕಂಪನಿ. ಶಾಖೆ ನಡೆಸುವ ಸಬ್ ಪೋಸ್ಟ್‌ಮಾಸ್ಟರುಗಳು ಲೆಕ್ಕ ಕೂಡುತ್ತಿಲ್ಲ ಎಂದು ದೂರಿದಾಗ ಹಲವರಿಗೆ ಸಿಕ್ಕ ಉತ್ತರ ಇದೇ: ‘ಬೇರೆ ಯಾರಿಗೂ ಹೀಗಾಗಿಲ್ಲ.’ ಕೊರತೆಯನ್ನು ಕೈಯಿಂದ ಕಟ್ಟಿದರು, ಮನೆ ಕಳೆದುಕೊಂಡರು. ಹೊರೈಜನ್ ಲೆಕ್ಕದ ಆಧಾರದ ಮೇಲೆ ಶಿಕ್ಷೆಯಾದವರು 900ಕ್ಕೂ ಹೆಚ್ಚು. ಆ ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವು, ಶಾಖೆಯ ಲೆಕ್ಕಕ್ಕೆ ಶಾಖೆಯವರಿಗೆ ತಿಳಿಯದಂತೆ ಕಂಪನಿಯವರು ದೂರದಿಂದಲೇ ನಮೂದು ಸೇರಿಸಬಹುದಿತ್ತು ಎಂದು 2019ರ ಡಿಸೆಂಬರಿನಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು 2024ರ ಮೇನಲ್ಲಿ ಸಂಸತ್ತು ಕಾಯ್ದೆಯನ್ನೇ ತರಬೇಕಾಯಿತು.

ಹಾಗೆಂದು ನಿಮ್ಮ ಶಾಖೆಯವರು ಸತ್ಯವಂತರೇ ಎಂದಲ್ಲ. ಪರೀಕ್ಷಿಸುವ ದಾರಿ ಇದೆ. ಕೊರತೆ ಬಂದ ದಿನಗಳನ್ನು ಸಾಲಾಗಿ ಬರೆದು ಪ್ರತಿ ದಿನದ ಎದುರು ಮೂರು ಸಂಗತಿ ನೋಡಿ: ಕರೆಂಟು ಅಥವಾ ಇಂಟರ್‌ನೆಟ್ ಹೋಗಿತ್ತೇ, ಬಿಲ್ ರದ್ದಾಗಿತ್ತೇ, ಯುಪಿಐ ಹಣ ತಡವಾಗಿ ಬಂದಿತ್ತೇ. ನೆಟ್ ಹೋಗಿ ಬಂದಾಗ ಒಂದೇ ಬಿಲ್ ಎರಡು ಸಲ ಮುಖ್ಯ ಕಚೇರಿಗೆ ಹೋಗುವುದು ಸಾಮಾನ್ಯ ದೋಷ. ಬಿಲ್ ನಂಬರುಗಳನ್ನು ಏರಿಕೆಯಲ್ಲಿ ಜೋಡಿಸಿ, ಒಂದೇ ಮೊತ್ತ, ಒಂದೇ ನಿಮಿಷ ಜೋಡಿಯಾಗಿ ಕಂಡರೆ ಅದು ಅದೇ. ಗ್ರಾಹಕರು ಯುಪಿಐನಲ್ಲಿ ಕೊಟ್ಟಿದ್ದನ್ನು ಅವಸರದಲ್ಲಿ ‘ನಗದು’ ಎಂದು ಒತ್ತಿದರೂ ಕಾಗದದ ಮೇಲೆ ನಗದು ಕಡಿಮೆ ಕಾಣುತ್ತದೆ, ಬ್ಯಾಂಕಿನಲ್ಲಿ ಅಷ್ಟೇ ಹಣ ಹೆಚ್ಚು ಇರುತ್ತದೆ. ಈ ಮೂರಕ್ಕೂ ಸಂಬಂಧವಿಲ್ಲದೆ ಒಬ್ಬರದೇ ಪಾಳಿಯಲ್ಲಿ ಕೊರತೆ ಬಂದರೆ ಆಗ ಬೇರೆ ಮಾತು.

ಒಪ್ಪಂದಕ್ಕೆ ಎರಡು ಸಾಲು ಸೇರಿಸಿ. ಸಾಫ್ಟ್‌ವೇರಿನವರು ಮಾಡುವ ಯಾವ ತಿದ್ದುಪಡಿಯೂ ಶಾಖೆಯವರ ಲಾಗಿನ್‌ನಲ್ಲಿ ಆಗಕೂಡದು, ಅವರದೇ ಹೆಸರಿನಲ್ಲಿ ಸಮಯ ಸಮೇತ ದಾಖಲಾಗಬೇಕು. ದಿನದ ಕೊನೆಯ ವರದಿಯ ಪ್ರತಿ ಶಾಖೆಯವರ ಕೈಯಲ್ಲೇ ಉಳಿಯಬೇಕು.

ಪ್ರಶ್ನೆ: ಬಳಕೆದಾರರನ್ನು ಸೇರಿಸಿಕೊಂಡು ಮಾಡಿದ ಯೋಜನೆಗೆ ನಮ್ಮ ರಾಜ್ಯದ ಉದಾಹರಣೆ ಇದೆಯೇ?
— ಎಂಬಿಎ ವಿದ್ಯಾರ್ಥಿನಿ, ಧಾರವಾಡ

ಉತ್ತರ: ರಾಜ್ಯದ ಜಮೀನು ದಾಖಲೆಗಳನ್ನು ಗಣಕಕ್ಕೆ ತಂದ ‘ಭೂಮಿ’ ಯೋಜನೆ ನೋಡಿ. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು 177 ತಾಲ್ಲೂಕುಗಳಲ್ಲಿ ಗಣಕಕ್ಕೆ ಬಂದವು. ಆಗ 15 ರೂಪಾಯಿಗೆ ಕೌಂಟರಿನಲ್ಲಿ ಪಹಣಿ ಸಿಗುತ್ತಿತ್ತು. ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ ಗಣಕ ಸಂಸ್ಥೆ ಎನ್‌ಐಸಿ. ಆದರೆ ಅಲ್ಲಿ ‘ಬಳಕೆದಾರ’ ಎಂದರೆ ಯಾರು ಎಂದು ಕೇಳಿಕೊಳ್ಳಿ. ಪಹಣಿ ಪುಸ್ತಕ ಅದುವರೆಗೆ ಗ್ರಾಮ ಲೆಕ್ಕಿಗರ ಬಳಿ ಇತ್ತು. ಅಂಕಿ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಅವರೇ, ಗಣಕದಿಂದ ಹಿಡಿತ ಕಳೆದುಕೊಳ್ಳುವವರೂ ಅವರೇ. ದತ್ತಾಂಶ ಪರಿಶೀಲನೆಗೆ ಅವರನ್ನು ಬಳಸಿಕೊಂಡು, ಕೊನೆಗೆ ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದರು. ಎರಡು ವ್ಯವಸ್ಥೆ ಜತೆಯಲ್ಲಿ ಉಳಿದಿದ್ದರೆ ಹಳೆಯದೇ ಗೆಲ್ಲುತ್ತಿತ್ತು. ಖಾತೆ ಬದಲಾವಣೆ ಅರ್ಜಿಗಳಿಗೆ ಬಂದ ಕ್ರಮದಲ್ಲೇ ಸರದಿ, ಸಿಬ್ಬಂದಿಗೆ ಬೆರಳಚ್ಚು ಲಾಗಿನ್, ಕೌಂಟರಿನಲ್ಲಿ ರೈತರ ಕಡೆಗೆ ತಿರುಗಿಸಿದ ಎರಡನೇ ಪರದೆ. ಆ ಎರಡನೇ ಪರದೆ ನನ್ನ ಮಟ್ಟಿಗೆ ಇಡೀ ಯೋಜನೆಯ ಜಾಣ ಭಾಗ. ನಮೂದು ಮಾಡುವಾಗಲೇ ಹೆಸರಿನ ಕಾಗುಣಿತ ತಪ್ಪಿದರೆ ‘ಅದು ಬಸಪ್ಪ ಅಲ್ಲ, ಬಸವಪ್ಪ’ ಎಂದು ಎದುರಿಗೆ ನಿಂತವರೇ ಹೇಳಬಹುದು. ಪುಸ್ತಕದಲ್ಲೇ ಇದ್ದ ತಪ್ಪುಗಳು ಗಣಕಕ್ಕೂ ಬಂದವು ಎಂಬುದನ್ನು ನಿಮ್ಮ ಪ್ರಬಂಧದಲ್ಲಿ ಬಿಡಬೇಡಿ.

ಪ್ರಶ್ನೆ: ಹಣವನ್ನು ಯಾವ ಕಂತಿನಲ್ಲಿ ಕೊಡಬೇಕು?
— ಹೋಟೆಲ್ ಮಾಲೀಕರು, ಉಡುಪಿ

ಉತ್ತರ: ‘ಅರ್ಧ ಮುಂಗಡ, ಅರ್ಧ ಇನ್‌ಸ್ಟಾಲ್ ಆದ ಮೇಲೆ’ ಎಂಬುದು ಇಬ್ಬರಿಗೂ ಕೆಟ್ಟದ್ದು. ಇನ್‌ಸ್ಟಾಲ್ ಒಂದು ಗಂಟೆಯ ಕೆಲಸ. ನಮ್ಮ ಸಲಹೆ: ಶೇ 20 ಮುಂಗಡ, ಶೇ 30 ನಿಮ್ಮದೇ ಮಾದರಿ ಬಿಲ್ಲುಗಳು ತಾಳೆಯಾದಾಗ, ಶೇ 30 ಚಾಲನೆಯಾದಾಗ, ಉಳಿದ ಶೇ 20 ಒಂದು ಪೂರ್ತಿ ತಿಂಗಳ ಲೆಕ್ಕ ಮುಗಿದು ಜಿಎಸ್‌ಟಿ ರಿಟರ್ನ್ ಅಂಕಿ ಕೂಡಿದಾಗ. ಬದಲಾವಣೆಗೆ ದಿನದ ಲೆಕ್ಕದಲ್ಲಿ ದರ ಮೊದಲೇ ಗೊತ್ತು ಮಾಡಿ. ತಿಂಗಳಿಗೆ ಒಂದೆರಡು ದಿನದಷ್ಟು ಸಣ್ಣಪುಟ್ಟ ಬದಲಾವಣೆ ಒಪ್ಪಂದದೊಳಗೇ ಇರಲಿ. ಇಲ್ಲದಿದ್ದರೆ ಸಿಬ್ಬಂದಿ ಸಣ್ಣ ತೊಂದರೆಯನ್ನು ಹೇಳುವುದನ್ನೇ ನಿಲ್ಲಿಸುತ್ತಾರೆ. ಸಂಬಂಧ ಮುರಿದರೆ ನಿಮ್ಮ ದತ್ತಾಂಶ ಎಕ್ಸೆಲ್ ರೂಪದಲ್ಲಿ ಎಷ್ಟು ದಿನದೊಳಗೆ ಸಿಗಬೇಕೆಂಬುದನ್ನು ಚೆನ್ನಾಗಿರುವಾಗಲೇ ಬರೆಸಿಕೊಳ್ಳಿ.

ಪ್ರಶ್ನೆ: ದೋಷಗಳನ್ನು ತಿಳಿಸಲು ವಾಟ್ಸ್ಆ್ಯಪ್ ಗುಂಪು ಸಾಕೇ?
— ಅದೇ ಓದುಗರು

ಉತ್ತರ: ಸಾಲದು. ‘ಸರ್ ಬಿಲ್ ಬರ್ತಿಲ್ಲ’ ಎಂಬ ಸಂದೇಶ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಮುಚ್ಚಿಹೋಗುತ್ತದೆ. ಇಬ್ಬರೂ ನೋಡಬಹುದಾದ ಒಂದು ಶೀಟ್ ಇಡಿ. ಪ್ರತಿ ದೂರಿಗೂ ಕ್ರಮಸಂಖ್ಯೆ ಇರಲಿ. ಬರೆಯಬೇಕಾದ್ದು: ಯಾವ ಕಂಪ್ಯೂಟರ್, ಎಷ್ಟು ಗಂಟೆಗೆ, ಯಾವ ಬಿಲ್ ನಂಬರ್, ಏನು ಒತ್ತಿದಿರಿ, ಏನು ಬರಬೇಕಿತ್ತು, ಏನು ಬಂತು. ಪರದೆಯ ಫೋಟೊ ತೆಗೆಯುವಾಗ ಮೇಲಿನ ಪಟ್ಟಿಯೂ ಕಾಣಲಿ. ‘ಸರಿಯಾಯಿತು’ ಎಂದು ದೂರು ಮುಚ್ಚುವ ಕೆಲಸ ದೂರು ಕೊಟ್ಟವರದು, ಸರಿ ಮಾಡಿದವರದಲ್ಲ. ಗುಂಪನ್ನು ‘ಸರ್ವರ್ ಇಡೀ ನಿಂತಿದೆ’ ಎಂಬಂಥ ತುರ್ತಿಗೆ ಇಟ್ಟುಕೊಳ್ಳಿ.